ಚಾದರಕ್ಕೊಂದು ಮಾತು

ಆ ಲಾಂಡ್ರಿಯವರ ಮನೆಯಲ್ಲಿ ತೊಳೆದರೆ ಹೋಗದ್ದು ಎಂಬುದೇ ಇರಲಿಲ್ಲ. ಎಣ್ಣೆಗೊಂದು ಬಾಟಲಿ, ಶಾಯಿಗೊಂದು, ತುಕ್ಕಿಗೊಂದು, ರಕ್ತಕ್ಕೊಂದು. ನೆಂಟರ ಮುನಿಸಿಗೆ ಮಾತ್ರ ಬಾಟಲಿ ಸಿಕ್ಕಿರಲಿಲ್ಲ, ಅದನ್ನು ಒಣಗಲು ಬಿಡುತ್ತಿದ್ದರು. ಈ ಬಾಟಲಿಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟು ಹೋದವಳು ಅಮ್ಮ. ಅವಳು ತೀರಿಕೊಂಡು ಹನ್ನೊಂದು ವರ್ಷ. ಈಗ ಕೌಂಟರಿನ ಹಿಂದೆ ನಿಲ್ಲುವವಳು ಮಗಳು, ಬೀದಿಗೆಲ್ಲ ಲಾಂಡ್ರಿ ಅಕ್ಕ. ನಿಲ್ಲುವವಳು ಎಂದಿದ್ದು ಬರೀ ಮಾತಿಗಲ್ಲ. ಮೂರು ವರ್ಷದಿಂದ ಅಕ್ಕನಿಗೆ ಕುರ್ಚಿಯೆಂದರೆ ಭಯ.

ಕಾರಣ, ಅಲ್ಲಿ ಉರಿ. ಅಲ್ಲಿ ಎಂದರೆ ಎಲ್ಲಿ? ಅದೇ ತೊಡಕು. ಅಮ್ಮ ಅದನ್ನು 'ಕೆಳಗೆ' ಎನ್ನುತ್ತಿದ್ದಳು, ಮೊದಲನೇ ಡಾಕ್ಟರು 'ಆ ಭಾಗ' ಎಂದರು, ಔಷಧಿ ಅಂಗಡಿಯವನು ಏನೂ ಅನ್ನದೆ ಮುಲಾಮನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ ಕೊಟ್ಟ. ಯಾವ ಭೂಪಟದಲ್ಲೂ ಇಲ್ಲದ ಜಾಗ, ಆದರೆ ಬೆಂಕಿ ಬಿದ್ದಿರುವುದು ಅಲ್ಲೇ. ಮೂತ್ರಕ್ಕೆ ಹೋದರೆ ಉರಿ, ಹೋಗಿ ಬಂದ ಮೇಲೂ ಉರಿ. ಕೂತರೆ ಉರಿ, ಬಿಗಿ ಬಟ್ಟೆ ತಾಕಿದರೆ ಉರಿ. ಯಾರೋ ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಮರೆತು ಹೋದ ಹಾಗೆ.

ಮೊದಲನೇ ಡಾಕ್ಟರು ಸೋಂಕು ಎಂದು ಐದು ದಿನದ ಮಾತ್ರೆ ಕೊಟ್ಟರು. ಮತ್ತೆ ಐದು ದಿನ, ಮತ್ತೆ ಏಳು. ಮೂತ್ರದ ರಿಪೋರ್ಟು ಪ್ರತಿಸಲವೂ ಚೊಕ್ಕ. ಅಕ್ಕನ ಜೀವಮಾನದಲ್ಲಿ ಅಷ್ಟು ಚೊಕ್ಕವಾದದ್ದನ್ನು ನೋಡಿ ಅಳು ಬಂದದ್ದು ಅದೇ ಮೊದಲು. ಎರಡನೆಯವರು ನೀರು ಕುಡಿಯಿರಿ ಎಂದರು. ಮೂರನೆಯವರು ರಿಪೋರ್ಟುಗಳನ್ನು ಇಸ್ಪೀಟಿನಂತೆ ಹರಡಿ, ಇದೆಲ್ಲ ಮನಸ್ಸಿನದು, ಎಲ್ಲಾದರೂ ತಿರುಗಾಡಿ ಬನ್ನಿ ಎಂದರು. ತಿರುಗಾಡಲು ಬಸ್ಸಿನಲ್ಲಿ ಕೂರಬೇಕಲ್ಲ.

ಗಂಡನಿಗೆ ಅವಳು ಸರಿಯಾಗಿ ಹೇಳಿರಲಿಲ್ಲ. ರಾತ್ರಿ ಅವಳು ದೂರ ಸರಿಯುವುದು ತನ್ನ ಮೇಲಿನ ಕೋಪಕ್ಕೆ ಎಂದುಕೊಂಡ ಆ ಪುಣ್ಯಾತ್ಮ ಮೂರು ವರ್ಷದಲ್ಲಿ ತಾನು ಮಾಡದ ತಪ್ಪುಗಳಿಗೆಲ್ಲ ಒಂದೊಂದಾಗಿ ಕ್ಷಮೆ ಕೇಳಿ ಮುಗಿಸಿ, ಈಗ ಹೊಸ ತಪ್ಪು ಹುಡುಕುತ್ತಿದ್ದ. ತಮ್ಮನಿಗೆ ಬೆನ್ನುನೋವು ಎಂದಿದ್ದಳು. ಬೆನ್ನಿಗೆ ಮರ್ಯಾದೆಯಿದೆ. ತಮ್ಮ ಒಳ್ಳೆಯವನೇ, ಆದರೆ ಅವಸರದವನು. ಅಷ್ಟು ಕಷ್ಟ ಯಾಕಕ್ಕ, ಚಪ್ಪಲಿ ಅಂಗಡಿಯವರು ಜಾಗ ಕೇಳುತ್ತಿದ್ದಾರೆ, ಮುಂದಿನ ತಿಂಗಳ ಕೊನೆಗೆ ಲಾಂಡ್ರಿ ಮುಚ್ಚಿ ಬಿಟ್ಟುಕೊಡೋಣ ಎಂದ. ಅಕ್ಕ ಸರಿ ಎಂದಿದ್ದಳು. ಎಂದ ದಿನ ಹಿತ್ತಲಿಗೆ ಹೋಗಿ, ಖಾಲಿ ತಂತಿಗಳ ನಡುವೆ ಸುಮ್ಮನೆ ನಿಂತಿದ್ದಳು.

ಆ ಹಿತ್ತಲಲ್ಲಿ ಒಂದು ಕಾಲಕ್ಕೆ ಹನ್ನೆರಡು ತಂತಿಗಳ ತುಂಬ ಆಸ್ಪತ್ರೆಯ, ಹೋಟೆಲಿನ ಚಾದರಗಳು. ಅಕ್ಕ ತಮ್ಮ ಇಬ್ಬರೂ ಆ ಬಿಳಿ ಓಣಿಗಳಲ್ಲಿ ಓಡಿ, ಒದ್ದೆ ಬಟ್ಟೆ ಮುಖಕ್ಕೆ ಬಡಿಸಿಕೊಂಡು, ಬೈಸಿಕೊಂಡು ಬೆಳೆದವರು. ಸಂಜೆ ಮಡಚುವ ಹೊತ್ತು. ಚಾದರದ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಚಿಕ್ಕಮ್ಮನ ಕೈಯಲ್ಲಿ. ಎಳೆದು ಕೊಡವಿ, ಮಡಚಿ, ಇಬ್ಬರೂ ನಡೆದು ಬಂದು ನಡುವೆ ಸೇರುವರು. ಕೈಗೆ ಕೈ ತಾಕಿದಾಗ ಒಂದು ಮಾತು. ಆಮೇಲೆ ಮುಂದಿನ ಚಾದರ, ಮುಂದಿನ ಮಾತು. ದೂರದಲ್ಲಿದ್ದಾಗ ಮಾತಾಡಿದರೆ ಬೀದಿಗೆ ಕೇಳುತ್ತದೆ, ಅದಕ್ಕೇ ಈ ಕಟ್ಟುಪಾಡು. ಊರಿನ ಸಂಸಾರಗಳೆಲ್ಲ ಹೀಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿದ್ದವು. ನಲವತ್ತು ಚಾದರ ಇದ್ದ ದಿನ ಒಂದು ಮದುವೆಯ ಕತೆ ಪೂರ್ತಿಯಾಗುತ್ತಿತ್ತು. ಹತ್ತೇ ಇದ್ದ ದಿನ ಹುಡುಗಿ ಇನ್ನೂ ಅಳುತ್ತಿರುವಲ್ಲಿಗೇ ನಿಂತುಬಿಡುತ್ತಿತ್ತು, ಮಕ್ಕಳಿಗೆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ.

ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಈಗ ಎಪ್ಪತ್ತನಾಲ್ಕರವಳು, ಇಂದಿಗೂ ದಿನಾ ಲಾಂಡ್ರಿಗೆ ಬರುತ್ತಾಳೆ. ಕೂತು ಉಂಡದ್ದನ್ನು ಯಾರೂ ನೋಡಿಲ್ಲ, ಗೋಡೆಗೆ ಒರಗಿ ತಟ್ಟೆ ಹಿಡಿದು ತಿನ್ನುವಳು. ಮಕ್ಕಳು ಅವಳಿಗೆ ಇಟ್ಟ ಹೆಸರು 'ನಿಲ್ದಾಣ'. ಬಸ್ಸೊಂದು ಬರುವುದು ಬಾಕಿ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ನಾಲ್ಕನೇ ಡಾಕ್ಟರಿಗೆ ತೋರಿಸಲು ಹೋದದ್ದು, ಲಾಂಡ್ರಿ ಬಿಟ್ಟುಕೊಡುವ ಮೊದಲು ಕೊನೆಯದೊಂದು ಪ್ರಯತ್ನ ಎಂದು. ಡಾಕ್ಟರು ಅಕ್ಕನಿಗೆ ಮಗಳಾಗುವ ವಯಸ್ಸಿನ ಹೆಂಗಸು. ಕೂತ್ಕೊಳಿ ಎನ್ನಲಿಲ್ಲ, ನಿಂತೇ ಮಾತಾಡ್ತೀರಾ ಎಂದು ಕೇಳಿ ತಾನೂ ಎದ್ದು ನಿಂತಳು. ಹೆಸರಿಲ್ಲದ ಆ ಜಾಗಗಳಿಗೆ ಯೋನಿದ್ವಾರ, ಮೂತ್ರದ್ವಾರ ಎಂದು ಹೆಸರಿಟ್ಟು, ಮುಟ್ಟು ನಿಂತು ಎಷ್ಟು ದಿನ, ಉರಿ ಶುರುವಾದದ್ದು ಯಾವಾಗ ಎಂದೆಲ್ಲ ವಿಚಾರಿಸಿದಳು. ಮಂಚದ ಮೇಲೆ ಮಲಗಿಸಿ, ಹತ್ತಿಯ ತುದಿಯಿಂದ ಮೆಲ್ಲಗೆ ಅಲ್ಲಲ್ಲಿ ಮುಟ್ಟಿ, ಇಲ್ಲಿ ಎಷ್ಟು, ಇಲ್ಲಿ ಎಷ್ಟು ಎಂದು ಕೇಳುತ್ತ ಹೋದಳು. ದ್ವಾರದ ಸುತ್ತ ಹತ್ತಿ ಸೋಕಿದ್ದಕ್ಕೆ ಅಕ್ಕ ಮಂಚದ ಅಂಚು ಹಿಡಿದುಕೊಂಡಳು. ಆಮೇಲೆ ಬಂತು ಕಡೆಯ ಪ್ರಶ್ನೆ: ಯಾವುದರಿಂದ ತೊಳೀತೀರಿ?

ಅಕ್ಕನಿಗೆ ಹೆಮ್ಮೆಯೇ ಆಯಿತು. ಬಾಟಲಿಗಳ ವಂಶಾವಳಿ ಒಪ್ಪಿಸಿದಳು. ದಿನಕ್ಕೆ ನಾಲ್ಕು ಸಲ, ಅಮ್ಮನ ಕಾಲದ ಕ್ರಿಮಿನಾಶಕದ ಎರಡು ಮುಚ್ಚಳ ಬಕೆಟ್ಟಿಗೆ. ಒಳಬಟ್ಟೆಗೆ ಆಸ್ಪತ್ರೆಯ ಚಾದರಕ್ಕೆ ಹಾಕುವ ಪುಡಿ, ಮೇಲೆ ಪರಿಮಳದ ದ್ರವ. ಉರಿ ಹೆಚ್ಚಾದ ದಿನ ಮೂರು ಮುಚ್ಚಳ.

ಡಾಕ್ಟರ ಪೆನ್ನು ನಿಂತಿತು. "ಒಂದು ಕೇಳ್ತೀನಿ. ರೇಷ್ಮೆ ಸೀರೆ ಮೇಲೆ ಕಲೆ ಬಿದ್ರೆ ಉಜ್ತೀರಾ?"

"ಯಾರಾದ್ರೂ ಉಜ್ತಾರಾ? ನೂಲೇ ಎದ್ದುಹೋಗುತ್ತೆ."

"ಅಲ್ವಾ," ಎಂದಳು ಡಾಕ್ಟರು, ಅಷ್ಟೇ.

ಅಕ್ಕನಿಗೆ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿದ ಬುದ್ಧಿಮಾತು ತನ್ನ ಮೈಗೆ ಬಂದಾಗ ಹೊಳೆದಿರಲಿಲ್ಲ.

ಕಾರಣ ಒಂದೇ ಇರಲಾರದು ಎಂದಳು ಡಾಕ್ಟರು. ಮೊದಲು ನಿಜವಾಗಿಯೇ ಒಂದು ಸೋಂಕು ಆಗಿರಬಹುದು. ಅದು ಹೋದರೂ ನರಗಳು ಕಿರುಚುವುದನ್ನು ನಿಲ್ಲಿಸಲಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಇಳಿದು ಚರ್ಮ ತೆಳ್ಳಗಾಗಿದೆ. ನೋವಿಗೆ ಹೆದರಿ ಒಳಗಿನ ಸ್ನಾಯುಗಳು ಮುಷ್ಟಿ ಬಿಗಿದು ಕೂತಿವೆ. ಇವೆಲ್ಲದರ ಮೇಲೆ ನಿಮ್ಮ ಬಾಟಲಿ. ರಿಪೋರ್ಟಿನಲ್ಲಿ ಕಾಣದ ನೋವೂ ನೋವೇ ಎಂದು ಹೇಳಿ ಚೀಟಿ ಬರೆದಳು: ತೊಳೆಯಲು ಬರೀ ನೀರು, ಸಡಿಲ ಹತ್ತಿಬಟ್ಟೆ, ಹಾರ್ಮೋನಿನ ಮುಲಾಮು, ಮರಗಟ್ಟಿಸುವ ಜೆಲ್, ಮಲಗುವ ಮುಂಚೆ ನರಗಳನ್ನು ಶಾಂತಮಾಡುವ ಸಣ್ಣ ಮಾತ್ರೆ, ಬಿಗಿದ ಸ್ನಾಯು ಬಿಡಿಸಲು ವ್ಯಾಯಾಮ ಹೇಳಿಕೊಡುವವಳ ವಿಳಾಸ. ತಿಂಗಳುಗಳೇ ಹಿಡಿಯುತ್ತದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಸೇರಿಸಿದಳು.

ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ 'ಖಿನ್ನತೆಗೆ' ಎಂದು ನೋಡಿ ಅಕ್ಕ ಡಾಕ್ಟರಿಗೆ ಫೋನು ಮಾಡಿದಳು, ನನಗೆ ಹುಚ್ಚು ಅಂತೀರಾ ಎಂದು. ಒಂದೇ ಮದ್ದು ಬೇರೆ ಅಳತೆಯಲ್ಲಿ ಬೇರೆ ಕೆಲಸ ಮಾಡುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಅದು ಅಕ್ಕನಿಗೆ ಅರ್ಥವಾಯಿತು. ಲಾಂಡ್ರಿಯ ವಿನಿಗರ್ ವಿಷಯವೂ ಹಾಗೇ, ಸ್ವಲ್ಪ ಹಾಕಿದರೆ ಬಟ್ಟೆ ಮೆತ್ತಗಾಗುತ್ತದೆ, ಜಾಸ್ತಿ ಹಾಕಿದರೆ ಕಲೆ ಬಿಡಿಸುತ್ತದೆ. ಕಷ್ಟವಾದದ್ದು ಬರೀ ನೀರು. ಬರೀ ನೀರಿನಲ್ಲಿ ತೊಳೆಯುವುದೆಂದರೆ ಆ ಮನೆಯಲ್ಲಿ ತೊಳೆಯದೇ ಇದ್ದಂತೆ. ಮೊದಲ ವಾರ ತಾನು ನಾತ ಹೊಡೆಯುತ್ತಿದ್ದೇನೆ ಎಂದು ಜನರಿಂದ ಎರಡು ಮಾರು ದೂರ ನಿಂತಳು. ನಾಲ್ಕನೇ ವಾರ ಒಂದು ಮಧ್ಯಾಹ್ನ ಊಟ ಮಾಡುತ್ತ ಗಮನಿಸಿದಳು: ಅರ್ಧ ತಟ್ಟೆ ಖಾಲಿಯಾಗಿದೆ, ತಾನು ಕೂತಿದ್ದೇನೆ.

ಅಂದು ಸಂಜೆ ಹೋಟೆಲಿನ ಹದಿನಾರು ಚಾದರ. ಒಂದು ತುದಿ ಅಕ್ಕನದು, ಇನ್ನೊಂದು ಚಿಕ್ಕಮ್ಮನದು. ಮೊದಲ ಚಾದರಕ್ಕೆ, ನನಗೆ ಬೆನ್ನುನೋವಲ್ಲ ಎಂದಳು. ಎರಡನೆಯದಕ್ಕೆ ಎಲ್ಲಿ ಎಂದು ಹೇಳಿದಳು, ಡಾಕ್ಟರು ಇಟ್ಟ ಹೆಸರಿನಿಂದಲೇ. ಚಿಕ್ಕಮ್ಮ ಮುಂದಿನ ಚಾದರದ ತುದಿ ಹಿಡಿದು ದೂರ ಸರಿದಳು. ಮೂರು, ನಾಲ್ಕು, ಐದು, ಅಕ್ಕ ಎಲ್ಲವನ್ನೂ ಸುರಿದಳು. ಆರನೆಯದನ್ನು ಮಡಚಿಕೊಂಡು ಬಂದ ಚಿಕ್ಕಮ್ಮ ತುದಿಯನ್ನು ಕೊಡದೆ ಹಿಡಿದೇ ನಿಂತಳು.

"ನಂಗೂ ಅದೇ ಕಣೇ. ಎರಡನೇ ಹೆರಿಗೆ ಆದ ಮೇಲಿಂದ."

ಚಾದರ ಇಬ್ಬರ ನಡುವೆ ಜೋತುಬಿತ್ತು. ಅಕ್ಕ ಲೆಕ್ಕ ಹಾಕಿ ನೋಡಿದಳು, ತಾನು ಹುಟ್ಟುವ ಮುಂಚಿನ ಮಾತು.

"ಅಮ್ಮಂಗೆ ಗೊತ್ತಿತ್ತಾ?"

"ನಿಮ್ಮಮ್ಮನೇ ಆ ಬಾಟಲಿ ಕೊಟ್ಟಿದ್ದು. ಪಾಪ, ದಿನಾ ತಾನೇ ಬಕೆಟ್ಟಿಗೆ ಹಾಕಿ, ಬಾಗಿಲ ಹೊರಗೆ ಕಾಯ್ತಾ ಇದ್ಲು. ಉರಿ ಕಮ್ಮಿ ಆಯ್ತಾ ಅಂತ ಕೇಳೋಳು. ನಾನು ಹೂಂ ಅಂತಿದ್ದೆ."

"ಯಾಕೆ ಹೂಂ ಅಂದೆ?"

"ಅಷ್ಟು ಪ್ರೀತಿಯಿಂದ ಕೇಳ್ತಿದ್ಲು."

ಉಳಿದ ಚಾದರಗಳನ್ನು ಇಬ್ಬರೂ ಮಾತಿಲ್ಲದೆ ಮಡಚಿದರು. ಬಾಗಿಲ ಹೊರಗೆ ಸೆರಗು ಹಿಂಡಿಕೊಳ್ಳುತ್ತ ನಿಂತ ಅಮ್ಮ ಅಕ್ಕನ ಕಣ್ಣಿಗೆ ಕಟ್ಟಿದಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅವಳ ಒದ್ದೆ ಕೈಯ ಸೋಪಿನ ವಾಸನೆ.

ತಿಂಗಳ ಕೊನೆಗೆ ತಮ್ಮ ಚಪ್ಪಲಿ ಅಂಗಡಿಯವರ ಕಾಗದ ಹಿಡಿದು ಬಂದ. ಅಕ್ಕ ಲಾಂಡ್ರಿ ಬಿಡುವುದಿಲ್ಲ ಎಂದಳು. ಅವನು ತಬ್ಬಿಬ್ಬಾಗಿ ಬೆನ್ನಿನ ಗತಿಯೇನು ಎಂದು ಕೇಳಿದ.

"ಬೆನ್ನಿಗೇನೂ ಆಗಿಲ್ಲ ಕಣೋ. ಉರಿ ಇದ್ದಿದ್ದು ಯೋನಿಗೆ, ಮೂತ್ರ ಹೋಗೋ ಜಾಗಕ್ಕೆ. ಮೂರು ವರ್ಷ. ಈಗ ಔಷಧಿ ಸಿಕ್ಕಿದೆ, ಅರ್ಧ ಗಂಟೆ ಕೂರ್ತೀನಿ."

ತಮ್ಮ ಫ್ಯಾನನ್ನು ನೋಡಿದ. ಫ್ಯಾನು ಸಹಾಯಕ್ಕೆ ಬರಲಿಲ್ಲ. ಕಾಗದವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿ ಜೇಬಿಗೆ ಹಾಕಿದ. ಪೂರ್ತಿ ವಾಸಿಯಾಗುತ್ತದಾ ಎಂದು ಫ್ಯಾನನ್ನೇ ಕೇಳಿದ. ಗೊತ್ತಿಲ್ಲ, ಕೆಲವು ದಿನ ಇನ್ನೂ ಉರಿಯುತ್ತದೆ, ಅಂಥ ದಿನ ನಿಲ್ಲುತ್ತೇನೆ ಎಂದಳು ಅಕ್ಕ.

ಬಾಗಿಲವರೆಗೆ ಹೋದವನು ತಿರುಗಿ, ತಗ್ಗಿದ ದನಿಯಲ್ಲಿ, "ಅಮ್ಮಂಗೂ ಇತ್ತಾ?" ಎಂದ.

"ನಾವ್ಯಾರೂ ಕೇಳಿಲ್ಲ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಅಂಗಡಿಯವರಿಗೆ ಫೋನು ಹಚ್ಚಿದ. ಜಾಗ ಖಾಲಿ ಆಗಲ್ಲ ಸರ್, ಕೆಲಸ ನಡೀತಾ ಇದೆ ಎನ್ನುವುದು ಒಳಗೆ ಕೇಳಿತು. ಅಕ್ಕ ಚಿಕ್ಕಮ್ಮನ ಕೈಗೆ ಡಾಕ್ಟರ ಸಮಯದ ಚೀಟಿ ಕೊಟ್ಟಳು, ಗುರುವಾರ ಹನ್ನೊಂದಕ್ಕೆ. ಈ ವಯಸ್ಸಲ್ಲಿ ನನ್ನನ್ನೇನು ನೋಡುತ್ತಾಳೆ ಎಂದು ಗೊಣಗುತ್ತ ಚಿಕ್ಕಮ್ಮ ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿ, ತೊಳೆದು ನಿಂತ ಯಂತ್ರದ ಬಾಗಿಲು ತೆರೆಯಲು ಹೋದಳು.