ಚೈನಿಗೆ ಎಣ್ಣೆ ಹಾಕಿದ ಬೆಳಿಗ್ಗೆ

ನರ ಇಲ್ಲೇ ಎಲ್ಲೋ ಇರಬೇಕು, ತೋರುಬೆರಳಿಂದ ಒತ್ತಿದರೆ ಜಾರಿಕೊಳ್ಳುತ್ತದೆ, ಅಜ್ಜಿಯ ಚರ್ಮ ತೀರಾ ತೆಳ್ಳಗಾಗಿದೆ — ಸೊಸೆ ಬಾಗಿಲಲ್ಲೇ ನಿಂತಿದ್ದಾಳೆ, ನಂಗೆ ಆಫೀಸಿಗೆ ಹೊತ್ತಾಯ್ತು ಸಿಸ್ಟರ್, ಬೇಗ ಆಗುತ್ತಾ, ಆಗುತ್ತೆ, ಸ್ವಲ್ಪ ಇರಿ, ಅಜ್ಜಿ ನೀವು ಮುಷ್ಟಿ ಬಿಗಿ ಹಿಡೀರಿ — ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವವಳಿಗೆ ಕಣ್ಣಿಗಿಂತ ಬೆರಳು ದೊಡ್ಡದು, ಕಣ್ಣಿಗೆ ಕಾಣದ ನರ ಬೆರಳಿಗೆ ಸಿಗುತ್ತದೆ, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿದೆ, ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ, ಗ್ಲೌಸಿನೊಳಗೆ ಯಾರಿಗೂ ಕಾಣದು, ನನಗೆ ಗೊತ್ತು, ಬೈಕಿನ ಚೈನಿನ ಕಪ್ಪು. ಮಳೆಯಲ್ಲಿ ಓಡಿಸಿ ಹಾಗೇ ತಂದು ನಿಲ್ಲಿಸಿದ್ದರ ಫಲ, ಎಣ್ಣೆಯೆಲ್ಲ ತೊಳೆದುಹೋಗಿ ಕೊಂಡಿಗಳ ಮೇಲೆ ಕಂದು ಪುಡಿ ಕೂತಿತ್ತು, ತಿರುವಿನಲ್ಲಿ ಗೇರ್ ಬದಲಿಸಿದರೆ ಗಾಡಿ ಜಗ್ಗುತ್ತಿತ್ತು, ಬೀದಿಯ ನಾಯಿಗಳೂ ತಿರುಗಿ ನೋಡುವಷ್ಟು ಕಿರುಗುಟ್ಟುತ್ತಿತ್ತು. ಅಣ್ಣ ತನ್ನ ಹಳೇ ಬೈಕು ಕೊಡುವಾಗಲೇ ಹೇಳಿದ್ದ, ಪೆಟ್ರೋಲ್ ಮರೆತ್ರೆ ಗಾಡಿ ನಿಲ್ಲುತ್ತೆ ಅಷ್ಟೆ, ಚೈನ್ ಮರೆತ್ರೆ ನಿನ್ನನ್ನ ಎಲ್ಲಿ ಬೇಕಾದ್ರೂ ಕೆಡವುತ್ತೆ — ಹೆದರಿಸದೆ ಏನನ್ನೂ ಕಲಿಸಲಾರದವನು, ಆದರೆ ಕಲಿಸಿದ್ದು ಸರಿಯಾಗಿಯೇ ಕಲಿಸಿದ, ಡಬಲ್ ಸ್ಟ್ಯಾಂಡ್ ಹಾಕು, ನ್ಯೂಟ್ರಲ್ಲಿಗೆ ತಾ, ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಬ್ರಷ್ಷಿನಿಂದ ಉಜ್ಜು, ಒರೆಸು, ಒಣಗಲಿ, ಆಮೇಲೆ ಎಣ್ಣೆ, ಅದೂ ಚೈನಿನ ಒಳಮಗ್ಗುಲಿಗೆ, ಓಡುವಾಗ ತಾನೇ ಹೊರಗೆ ಹರಡಿಕೊಳ್ಳುತ್ತದೆ, ಸುರಿದರೆ ಧೂಳು ಹಿಡಿಯುತ್ತದೆ, ಮತ್ತೆ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು, ಇಂಜಿನ್ನಿನಿಂದ ಯಾವತ್ತೂ ಅಲ್ಲ.

ಅಜ್ಜಿ, ನೋವಾಯ್ತಾ, ಇಲ್ಲಮ್ಮ, ನೀನಿನ್ನೂ ಚುಚ್ಚೇ ಇಲ್ವಲ್ಲ — ನಗುತ್ತಾರೆ, ಹಲ್ಲಿಲ್ಲದ ನಗು, ಈ ಕೈಯಲ್ಲಿ ಸಿಗಲಿಲ್ಲ, ಆ ಕೈ ಕೊಡಿ, ರಬ್ಬರ್ ಪಟ್ಟಿ ಬಿಚ್ಚಿ ಮತ್ತೆ ಕಟ್ಟಬೇಕು, ನಮ್ಮ ಮನೆಯವರಾಗಿದ್ದರೆ ಇಷ್ಟು ಹೊತ್ತಿಗೆ ಎದ್ದುಹೋಗಿರುತ್ತಿದ್ದರು, ಅವರಿಗೆ ಎಲ್ಲವೂ ಬೇಗ ಆಗಬೇಕು, ವಾಷಿಂಗ್ ಮೆಷೀನ್ ನಿಲ್ಲುವ ಮೊದಲೇ ಮುಚ್ಚಳ ಎಳೆಯುವವರು, ಬಲ್ಬು ತಣಿಯುವ ಮೊದಲೇ ಬಿಚ್ಚುವವರು, ಮದುವೆ ಮಾತುಕತೆಯಲ್ಲಿ ದೊಡ್ಡವರು ಸುತ್ತಿ ಬಳಸಿ ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕಿ, ನಂಗೆ ಒಪ್ಪಿಗೆ, ಅವ್ರನ್ನ ಕೇಳಿ ಅಂದವರು, ಅವತ್ತು ನನಗೆ ನಗು ತಡೆಯಲಾಗಲಿಲ್ಲ, ಒಪ್ಪಿದ್ದೂ ಆ ನಗುವಿಗೇ ಇರಬೇಕು. ಇವತ್ತು ಬೆಳಿಗ್ಗೆಯೂ ಪಾಪ ಸಹಾಯಕ್ಕೇ ಬಂದದ್ದು. ನಾನು ಗೋಡೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಚೈನಿನ ಕೆಳಸಾಲು ಒರೆಸುತ್ತಿದ್ದೆ, ಒರೆಸುವ ಬಟ್ಟೆ ಅವರದೇ ಹರಿದ ಅಂಗಿಯ ತೋಳು, ಯಾವಾಗಲೂ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳುವವಳು, ತೋಳು ದಪ್ಪವಾಗಿತ್ತು, ಸುತ್ತಲು ಬರಲಿಲ್ಲ, ಸುಮ್ಮನೆ ಹಿಡಿದಿದ್ದೆ — ಹೀಗೆ ಒಂದೊಂದೇ ಕೊಂಡಿ ಒರೆಸ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ, ಇರು, ನಾನು ಸುಲಭ ಮಾಡ್ಕೊಡ್ತೀನಿ, ಬೇಡ ರೀ, ಕೈಲೇ ತಿರುಗಿಸ್ತೀನಿ, ಅಷ್ಟರಲ್ಲಿ ಬಟನ್ ಒತ್ತಿಯಾಗಿತ್ತು, ಇಂಜಿನ್ ಸದ್ದಿಗೆ ನನ್ನ ಮಾತು ನನಗೇ ಕೇಳಲಿಲ್ಲ, ಬೇಡ ಅನ್ನಲು ಮುಖ ಎತ್ತಿದೆ, ಕೈ ಚೈನಿನ ಮೇಲೇ ಇತ್ತು, ಅವರ ಕಾಲು ಗೇರಿನ ಮೇಲೆ, ಕ್ಲಚ್ ಬಿಟ್ಟರು — ತೋಳು ನನ್ನ ಬೆರಳುಗಳಿಂದ ಕಿತ್ತುಕೊಂಡು ಹೋಯಿತು, ಹಿಂದಿನ ಚಕ್ರದ ಹಲ್ಲುಗಳ ನಡುವೆ, ಉದ್ದಕ್ಕೆ, ಒಳಗೊಬ್ಬರ ಕೈ ಇರುವ ಹಾಗೆ ಉಬ್ಬಿಕೊಂಡು, ಕೊನೆಗೆ ಮಣಿಕಟ್ಟಿನ ಪಟ್ಟಿ, ಅದರ ಗುಂಡಿ ಇನ್ನೂ ಹಾಕಿಯೇ ಇತ್ತು. ಇಂಜಿನ್ ಉಸಿರು ಕಟ್ಟಿದಂತೆ ನಿಂತಿತು.

ಅವರು ಬಂದು ನೆಲದ ಮೇಲೆ ಕೂತರು, ನನ್ನ ಕೈ ತೆಗೆದುಕೊಂಡು ಒಂದೊಂದೇ ಬೆರಳು ಒತ್ತಿ ನೋಡಿದರು, ನಾನು ನರ ಹುಡುಕುವಂತೆಯೇ, ನಿಧಾನವಾಗಿ, ಇಷ್ಟು ನಿಧಾನ ಅವರಲ್ಲಿ ನಾನು ಕಂಡದ್ದೇ ಇಲ್ಲ. ಎಲ್ಲಾ ಇದೆ ಬಿಡಿ ಅಂದೆ. ಇನ್ಮೇಲೆ ನಾನು ಈ ಗಾಡಿ ಹತ್ರಾನೂ ಬರಲ್ಲ ಅಂದರು. ಹಾಗಂದ್ರೆ ಹೇಗೆ, ಬರ್ಬೇಕು, ಬಂದು ಕಲೀಬೇಕು, ಚಕ್ರ ತಿರುಗಿಸಿ, ನಾನು ಎಣ್ಣೆ ಬಿಡ್ತೀನಿ. ಕೀ ತೆಗೆದು ನನ್ನ ಕೈಗೆ ಕೊಟ್ಟರು. ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಡಿಸಿದೆವು, ಚೂರು ಚೂರಾಗಿ ಬಂತು, ಅರ್ಧ ಒರೆಸಿದ ಚೈನು ಹಾಗೇ ಬಿಡಲಾಗುವುದಿಲ್ಲವಲ್ಲ, ಅವರು ತಿರುಗಿಸಿದರು, ನಾನು ಹನಿ ಬಿಟ್ಟೆ, ಸಾಕಾ, ಇನ್ನೂ ನಿಧಾನ, ಇಷ್ಟಾ, ಹ್ಞೂಂ ಇಷ್ಟು, ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಗಾಡಿ ಒಂದು ಸದ್ದೂ ಮಾಡಲಿಲ್ಲ. ನರ ಸಿಕ್ಕಿತು, ಇಲ್ಲಿದೆ, ಬೆರಳ ತುದಿಯ ಕೆಳಗೆ ಮೆತ್ತಗೆ ಪುಟಿಯುತ್ತಿದೆ, ಸೂಜಿ ಒಳಗೆ, ಕೊಳವೆಗೆ ರಕ್ತ ಬರುತ್ತಿದೆ, ಮುಷ್ಟಿ ಬಿಡಿ ಅಜ್ಜಿ, ಹತ್ತಿ ಒತ್ತಿ ಹಿಡ್ಕೊಳ್ಳಿ, ಗೊತ್ತೇ ಆಗ್ಲಿಲ್ಲ ಕಣಮ್ಮ, ಒಳ್ಳೇ ಕೈಗುಣ ನಿಂದು, ಸಿಸ್ಟರ್ ರಿಪೋರ್ಟ್ ಯಾವಾಗ ಬರುತ್ತೆ, ಸಂಜೆಗೆ, ಕೊಳವೆಯ ಮೇಲೆ ಹೆಸರು ಬರೆಯಬೇಕು, ಪೆನ್ನು ಹಿಡಿದಿದ್ದೇನೆ, ಬರೆಯಬೇಕು, ಬೆರಳು ಪೆನ್ನಿನ ಮೇಲಿದೆ, ತೋಳು ಹೋಗುತ್ತಿದೆ, ಉಬ್ಬಿಕೊಂಡು, ಹಲ್ಲುಗಳ ನಡುವೆ, ಮಣಿಕಟ್ಟಿನ ಪಟ್ಟಿ, ಗುಂಡಿ ಹಾಕಿಯೇ ಇದೆ, ತೋಳು ಹೋಗುತ್ತಿದೆ, ಗುಂಡಿ ಹಾಕಿಯೇ ಇದೆ —