ನಾಲ್ಕು ದಿಕ್ಕಿಗೆ ಒಬ್ಬಳು

ಆ ಪಕ್ಷಿಧಾಮದ ಕೆರೆಗೆ ನಾಲ್ಕು ದಿಕ್ಕು, ನಾಲ್ಕು ಕಾವಲು ಹುದ್ದೆ. ಮೇಲಿನವರಿಗೆ ಹೋಗುವ ವರದಿಯಲ್ಲಿ ನಾಲ್ಕೂ ಭರ್ತಿ. ಏರಿಯ ಮೇಲೆ ಕಾಲು ಸವೆಸುತ್ತಿದ್ದವಳು ಮಾತ್ರ ಅವಳೊಬ್ಬಳೇ. ಇಬ್ಬರು ನಿವೃತ್ತರಾಗಿದ್ದರು, ಮೂರನೆಯವನು ಯಾರದೋ ಕೈಕಾಲು ಹಿಡಿದು ಪೇಟೆಗೆ ವರ್ಗ ಮಾಡಿಸಿಕೊಂಡಿದ್ದ. ಅವಳು ಪೂರ್ವಕ್ಕೆ ಹೋದರೆ ಮೊಟ್ಟೆ ಕದಿಯುವವರು ಪಶ್ಚಿಮದಿಂದ ಇಳಿಯುತ್ತಿದ್ದರು. ಈ ಸಲ ನಲವತ್ತು ಗೂಡು ಬರಿದಾಗಿದ್ದವು.

ಹದಿನಾಲ್ಕು ತಿಂಗಳಿಂದ ಗಸ್ತು ಪುಸ್ತಕದಲ್ಲಿ ತನ್ನ ಪೂರ್ವದ ವರದಿ ಬರೆದು, ಉಳಿದ ಮೂರು ದಿಕ್ಕಿನ ಮುಂದೆ ‘ಯಾರೂ ಇಲ್ಲ’ ಎಂದು ಬರೆಯುತ್ತ ಬಂದಿದ್ದಳು. ತಪಾಸಣೆಯ ಸುದ್ದಿ ಬಂದದ್ದೇ ತಡ, ಸಾಹೇಬರು ಹೊಸ ಪುಸ್ತಕವೊಂದನ್ನು ಅವಳ ಮುಂದೆ ತಳ್ಳಿದರು.

"ನೋಡಮ್ಮ, ಹಳೇದನ್ನ ಇದ್ರಲ್ಲಿ ನೀಟಾಗಿ ನಕಲು ಮಾಡು. ಯಾರೂ ಇಲ್ಲ ಅಂತ ಇರೋ ಕಡೆ ಆ ಮೂವರ ವರದಿ ನೀನೇ ಬರೆದುಬಿಡು. ನಿನ್ನ ಕಾಯಂ ಆದೇಶ ಈ ಡ್ರಾಯರಲ್ಲೇ ಇದೆ. ತಪಾಸಣೆ ಮುಗೀಲಿ, ಸಹಿ ಹಾಕ್ತೀನಿ."

ಒಂಬತ್ತು ವರ್ಷದ ಹಂಗಾಮಿ ಕೆಲಸ. ಮನೆಯಲ್ಲಿ ವಿಷಯ ಕೇಳಿ ಅತ್ತೆ ಹಿಗ್ಗಿದರು.

"ಬರೆದು ಬಿಸಾಕೇ ಅತ್ಲಾಗೆ!" ಎಂದವರು ಒಂದು ಗಳಿಗೆ ಬಿಟ್ಟು ಕೇಳಿದರು, "ಬರೆದ್ರೆ ಆ ಮೂರು ಜನ ಬರ್ತಾರಾ?"

"ಎಲ್ಲಿ ಬರ್ತಾರೆ ಅತ್ತೆ? ಇದ್ದಾರೆ ಅಂತ ನಾನೇ ಬರೆದುಕೊಟ್ಟ ಮೇಲೆ ಇನ್ಯಾರನ್ನ ಕಳಿಸ್ತಾರೆ?"

"ಹಾಗಾದ್ರೆ ಸುಡ್ಲಿ ಬಿಡು ಅವನ ಕಾಯಂ."

ಎರಡು ದಿನ ಕೂತು ನಕಲು ಮಾಡಿದಳು. ಮುತ್ತಿನಂಥ ಅಕ್ಷರ. ಪುಟ ತುಂಬಿದ್ದು ನೋಡಿಯೇ ಸಾಹೇಬರಿಗೆ ಖುಷಿ. ಓದುವ ಚಾಳಿ ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ತಪಾಸಣೆಯ ದಿನ ಪಕ್ಕದ ಕಚೇರಿಯ ಮೂವರು ಗುಮಾಸ್ತರು ಜೀಪಿನಿಂದ ಇಳಿದು, ಚೀಲದಲ್ಲಿದ್ದ ಇಸ್ತ್ರಿ ಸಮವಸ್ತ್ರ ಏರಿಸಿಕೊಂಡರು. ತಪಾಸಣೆ ಎಲ್ಲಿದ್ದರೂ ಇದೇ ಮೂವರು ಹಾಜರು. ಇಲಾಖೆಯವರು ಅವರನ್ನು ಕರೆಯುತ್ತಿದ್ದದ್ದೇ ‘ನೆಂಟರು’ ಎಂದು. ಇಲ್ಲಿಯೂ ಸಾಲಾಗಿ ನಿಂತು ಸಲಾಮು ಹೊಡೆದರು.

ತಪಾಸಣೆಗೆ ಬಂದ ಮೇಡಂ ಪುಸ್ತಕ ತೆರೆದರು. ಹತ್ತು ಪುಟ ತಿರುವಿದರು, ಇಪ್ಪತ್ತು ತಿರುವಿದರು.

"ಪಶ್ಚಿಮ, ಯಾರೂ ಇಲ್ಲ. ಉತ್ತರ, ಯಾರೂ ಇಲ್ಲ. ದಕ್ಷಿಣನೂ ಅದೇ. ಏನಿದು?"

ಸಾಹೇಬರ ಮುಖ ಬಿಳಿಚಿತು. "ಕಣ್ತಪ್ಪು ಮೇಡಂ..."

"ನಾನೂರು ದಿನವೂ ಕಣ್ತಪ್ಪಾ? ಹಾಗಾದ್ರೆ ಇವರ್ಯಾರು?"

ಸಾಹೇಬರು ಅವಳನ್ನು ದುರುಗುಟ್ಟಿ ನೋಡಿ, ಡ್ರಾಯರಿನ ಮೇಲೆ ಕೈಯಿಟ್ಟರು. ಆ ಕೈಯನ್ನು ನೋಡಿಯೇ ಅವಳು ಹೇಳಿದಳು.

"ನೆಂಟರು ಮೇಡಂ. ಊಟ ಮುಗಿಸ್ಕೊಂಡು ಹೊರಡ್ತಾರೆ."

ಗುಮಾಸ್ತರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ‘ಹುದ್ದೆ ನಾಲ್ಕು, ಇರುವವರು ಒಬ್ಬರು’ ಎಂದು ತಮ್ಮ ವರದಿಯಲ್ಲಿ ಬರೆದು, ಅದರ ಕೆಳಗೆ ಅವಳ ಸಹಿ ಕೇಳಿದರು. ಅವಳು ದಪ್ಪಕ್ಷರದಲ್ಲಿ ಪೂರ್ತಿ ಹೆಸರು ಬರೆದಳು. ಸಾಹೇಬರು ಡ್ರಾಯರಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿದರು. ಅವಳ ತಲೆ ಮಾತ್ರ ತಗ್ಗಲಿಲ್ಲ.

ಮರುದಿನ ಬೆಳಿಗ್ಗೆ ಗಸ್ತು ಮುಗಿಸಿ ಬಂದವಳೇ ಪುಸ್ತಕ ತೆರೆದು ಬರೆದಳು: ‘ಪಶ್ಚಿಮ: ಯಾರೂ ಇಲ್ಲ. ಮೇಡಂ ಕಣ್ಣಾರೆ ನೋಡಿದ್ದಾರೆ.’