ಅಮ್ಮನ ಪಾದದ ಅಳತೆ

ಅಮ್ಮನ ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಮಗಳು ನೆಲದ ಮೇಲೆ ಕೂತು ಹೊಸ ಶೂವನ್ನು ಮತ್ತೊಮ್ಮೆ ಒತ್ತಿದಳು. ಹನ್ನೆರಡು ವರ್ಷ ಚಪ್ಪಲಿ ಅಂಗಡಿಯಲ್ಲಿ ಕಂಡವರ ಕಾಲು ಹಿಡಿದು ಬದುಕಿದವಳು. ಪಾದ ನೋಡಿದರೆ ಸಾಕು, ಅಳತೆ ಹೇಳಿಬಿಡುವಳು. ಅಮ್ಮನದು ಐದು. ತನಗೆ ಬುದ್ಧಿ ಬಂದಾಗಿನಿಂದಲೂ ಐದೇ.

"ಬಿಡು, ಊದಿರ್ಬೇಕು," ಎಂದಳು ಅಮ್ಮ. ಫ್ಯಾನು ಆರಿಸಿ, ಸ್ವೆಟರಿನೊಳಗೆ ಮುದುಡಿ ಕೂತಿದ್ದಳು. ಹೊರಗೆ ಡಾಂಬರು ಕರಗುವ ಬಿಸಿಲು.

ಇಬ್ಬರಿಗೂ ಥೈರಾಯ್ಡ್. ಇಬ್ಬರಿಗೂ ಒಂದೇ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೊಂದು. ನಾಲ್ಕು ತಿಂಗಳ ಹಿಂದೆ ಮಗಳ ರಿಪೋರ್ಟು ತೋರಿಸಲು ಅಮ್ಮನೇ ಹೋಗಿ ಬಂದು, ಇನ್ನು ಮೇಲೆ ನೀನು ಎರಡು ತಗೋಬೇಕಂತೆ ಎಂದಿದ್ದಳು. ಅಂದಿನಿಂದ ಅಮ್ಮ ಡಬ್ಬಿಯ ಮುಚ್ಚಳದಲ್ಲಿಟ್ಟ ಎರಡನ್ನೂ ಮಗಳು ನುಂಗುತ್ತಿದ್ದಳು. ಹನ್ನೊಂದು ಕಿಲೋ ಇಳಿದಿತ್ತು. ಗುಂಡಮ್ಮ ಎಂದು ಕರೆಯುತ್ತಿದ್ದ ಅಂಗಡಿಯವರೇ ಈಗ ಗುಟ್ಟೇನೆಂದು ಕೇಳುತ್ತಿದ್ದರು. ಹೊಲಿಗೆಯವಳಾದ ಅಮ್ಮ ಹದಿನೈದು ದಿನಕ್ಕೊಮ್ಮೆ ಅವಳ ಪ್ಯಾಂಟಿನ ಸೊಂಟ ಹಿಡಿದು ಹೊಲಿಯುತ್ತಿದ್ದಳು. ಆಗ ಅಮ್ಮನ ಮುಖ ನೋಡಬೇಕಿತ್ತು.

ಆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಗಿರಾಕಿಗಳ ಲೇಸು ಕಟ್ಟುವಾಗ ಬೆರಳು ನಡುಗುತ್ತಿದ್ದವು. ಇವತ್ತು ತಡೆಯಲಾರದೆ ತಾನೇ ಡಾಕ್ಟರ ಬಳಿ ಹೋದಳು. ಎರಡು ಮಾತ್ರೆ ಬರೆದೇ ಇಲ್ಲ ಎಂದರು ಅವರು. ಹೀಗೆ ಇಳಿಸಿದರೆ ಹೃದಯ ಕೈಕೊಡುತ್ತದೆ. ಒಂದೇ ಮಾತ್ರೆ, ಹಿತಮಿತವಾದ ಊಟ, ದಿನಾ ನಡಿಗೆ, ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಧಾರಾಳ. ಇಳಿದದ್ದು ಸ್ವಲ್ಪ ವಾಪಸು ಬಂದೀತು, ಹೆದರಬೇಡಿ ಎಂದರು. ಅವಳು ಹೆದರಿದಳು. ಜೊತೆಗೆ ನಡೆಯಲಿ ಎಂದು ಅಮ್ಮನಿಗೂ ಶೂ ತಂದಳು.

ಈಗ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ತಣ್ಣಗಿತ್ತು. ಚರ್ಮ ಒಣಗಿ ಬಿರಿದಿತ್ತು. ತಲೆಯೆತ್ತಿದರೆ ಊದಿದ ಮುಖ, ಉದುರಿದ ಹುಬ್ಬು. ಮಾತ್ರೆ ಶುರುವಾಗುವ ಮೊದಲು ತಾನೂ ಹೀಗೇ ಇದ್ದಳು.

"ಅಮ್ಮಾ, ನಿನ್ನ ಮಾತ್ರೆ ಎಲ್ಲಿ?"

ಅಮ್ಮನ ಮಾತು ಎಳೆದೆಳೆದು ಬಂತು. "ನೀನು ಕನ್ನಡಿ ಮುಂದೆ ನಿಂತು ನಗೋದು ನೋಡಿ ಎಷ್ಟು ವರ್ಷ ಆಗಿತ್ತು. ನನಗಿನ್ನೇನಾಗ್ಬೇಕು, ಹೇಳು."

ಮಗಳಿಗೆ ಸಿಟ್ಟು ಬಂತು, ಅಳು ಬಂತು. ತನಗೇನೂ ಗೊತ್ತಿರಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಅಮ್ಮ ಮಾತ್ರೆ ನುಂಗಿದ್ದನ್ನು ನಾಲ್ಕು ತಿಂಗಳಿಂದ ಅವಳು ಕಂಡಿರಲಿಲ್ಲ. ಕೇಳಿದರೆ ತೂಕ ಇಳಿಯುವುದು ಎಲ್ಲಿ ನಿಂತುಹೋದೀತೋ ಎಂದು ಕೇಳಿರಲಿಲ್ಲ.

ಮರುದಿನ ಅಂಗಡಿಗೆ ರಜೆ ಹೇಳಿದಳು. ಹತ್ತಕ್ಕೆ ಅಮ್ಮನನ್ನು ಡಾಕ್ಟರಿಗೆ ತೋರಿಸಬೇಕು. ಬೆಳಿಗ್ಗೆ ಅವಳೇ ಡಬ್ಬಿಯಿಂದ ಮಾತ್ರೆ ತೆಗೆದು, ಒಂದನ್ನು ಅಮ್ಮನ ಕೈಗಿಟ್ಟು, ತನ್ನದನ್ನು ನುಂಗಿದಳು. ಅಮ್ಮ ಹೆಬ್ಬೆರಳ ಉಗುರಿನಿಂದ ಅದನ್ನು ಎರಡು ಮಾಡಿದಳು.

"ನನಗರ್ಧ ಸಾಕು. ಇನ್ನರ್ಧ ನೀನು ತಗೋ."

ಅಮ್ಮ ಚಾಚಿದ ಅಂಗೈಯನ್ನು ಮಗಳು ನೋಡಿದಳು. ಅಮ್ಮ ಹಿಡಿದು ಹೊಲಿದ ಪ್ಯಾಂಟು ಸೊಂಟಕ್ಕೆ ಹಿತವಾಗಿ ಕೂತಿತ್ತು. ಕೈ ಮುಂದೆ ಹೋಯಿತು. ಎರಡೂ ಚೂರನ್ನು ಎತ್ತಿಕೊಂಡು ಒಂದು ಗಳಿಗೆ ಬೆರಳಲ್ಲೇ ಹಿಡಿದು ನಿಂತಳು. ಆಮೇಲೆ ಅಮ್ಮನ ನಾಲಿಗೆಯ ಮೇಲಿಟ್ಟು, ತುಟಿಗೆ ಲೋಟ ಹಿಡಿದು, ಗಂಟಲು ಆಡುವವರೆಗೂ ಅಲ್ಲಿಂದ ಕದಲಲಿಲ್ಲ.